ಹತ್ತು ಕಿಲೋದಿಂದ ಹದಿಮೂರು ಕಿಲೋವರೆಗಿನ 15 ತಿಂಗಳು

ಕಾರಿನಲ್ಲಿ 14 ವರ್ಷದೊಳಗಿನ ಮಗುವನ್ನು ಸೀಟ್ ಬೆಲ್ಟ್ ಇಲ್ಲವೇ ಮಕ್ಕಳ ಸೀಟು ಇಲ್ಲದೆ ಕರೆದೊಯ್ದರೆ ದಂಡ 1,000 ರೂಪಾಯಿ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿದ 194ಬಿ ಕಲಮು ಮಕ್ಕಳ ಬಗ್ಗೆ ಹೇಳುವುದು ಇಷ್ಟನ್ನೇ. ಅದರಲ್ಲಿ ಮಗುವಿನ ತೂಕದ ಮಾತಿಲ್ಲ, ಎತ್ತರದ ಮಾತಿಲ್ಲ. ಹಾಗಾಗಿ ಎರಡು ವರ್ಷದ ಕೂಸಿಗೆ ದೊಡ್ಡವರ ಬೆಲ್ಟ್ ಬಿಗಿದು ಕೂರಿಸಿದರೂ ದಂಡ ತಪ್ಪೀತು, ಅಪಾಯ ತಪ್ಪದು. ದೊಡ್ಡವರ ಬೆಲ್ಟ್ ಮೈಗೆ ಸರಿಯಾಗಿ ಹೊಂದುವುದು ಸುಮಾರು 145 ಸೆಂ.ಮೀ. ಎತ್ತರದ ನಂತರ. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಪಟ್ಟಿಯಲ್ಲಿ ಎರಡು ವರ್ಷದ ಗಂಡುಮಗುವಿನ ಮಧ್ಯಮ ಎತ್ತರ 87 ಸೆಂ.ಮೀ.; 145 ಮುಟ್ಟುವಾಗ ವಯಸ್ಸು 11 ದಾಟಿರುತ್ತದೆ. ಅಲ್ಲಿಯವರೆಗೆ ಬೆಲ್ಟಿನ ಮೇಲಿನ ಪಟ್ಟಿ ಭುಜ ಬಿಟ್ಟು ಕುತ್ತಿಗೆಯ ಮೇಲೆ, ಕೆಳಗಿನ ಪಟ್ಟಿ ಸೊಂಟದ ಮೂಳೆ ಬಿಟ್ಟು ಹೊಟ್ಟೆಯ ಮೇಲೆ ಬೀಳುತ್ತದೆ.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಅವರಲ್ಲಿ 16,715 ಮಂದಿ ಬೆಲ್ಟ್ ಹಾಕಿರಲಿಲ್ಲ. ಹಾಗೆ ಸತ್ತವರಲ್ಲಿ ಹತ್ತಿರಹತ್ತಿರ ಅರ್ಧ, ಅಂದರೆ 8,331 ಜನ, ಚಾಲಕರಲ್ಲ, ಜೊತೆಗೆ ಕೂತವರು.

‘ನಾನು ಹಿಡ್ಕೊಂಡಿರ್ತೀನಿ, ಇಲ್ಲಿ ಕೊಡು’ ಎಂದು ಅಜ್ಜಿಯೋ ಅತ್ತೆಯೋ ಕೈ ಚಾಚುವುದು ಪ್ರೀತಿಯಿಂದಲೇ. ಆದರೆ ಆ ಕೈಗಳು ಎಷ್ಟು ಭಾರ ತಡೆಯಬೇಕು ಎಂಬುದನ್ನು ಲೆಕ್ಕ ಹಾಕಬಹುದು. ಗಂಟೆಗೆ 50 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 13.9 ಮೀಟರ್. ಡಿಕ್ಕಿಯಲ್ಲಿ ಕಾರಿನ ಮುಂಭಾಗ 60 ಸೆಂ.ಮೀ. ನುಗ್ಗಿ ನಿಂತಿತು ಎಂದುಕೊಂಡರೆ, 12 ಕಿಲೋ ಮಗುವನ್ನು ತಡೆದು ನಿಲ್ಲಿಸಲು ಬೇಕಾದ ಸರಾಸರಿ ಬಲ ಸುಮಾರು ಎರಡು ಕ್ವಿಂಟಲ್ ಭಾರಕ್ಕೆ ಸಮ. ಯಾರ ತೋಳಿಗೂ ಅದು ಸಾಧ್ಯವಿಲ್ಲ. ವೇಗ ಇಮ್ಮಡಿಯಾದರೆ ಹೊಡೆತದ ಶಕ್ತಿ ನಾಲ್ಮಡಿಯಾಗುತ್ತದೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಕಾರಿನ ವೇಗಮಿತಿಯೇ 100 ಕಿ.ಮೀ.

ಮಗುವನ್ನು ಮಡಿಲಲ್ಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂರುವುದು ಇನ್ನೂ ಕೆಟ್ಟದ್ದು. 2022ರಿಂದ ಮಾರಾಟವಾಗುವ ಕಾರುಗಳಲ್ಲಿ ಚಾಲಕನ ಪಕ್ಕದ ಸೀಟಿಗೂ ಏರ್‌ಬ್ಯಾಗ್ ಕಡ್ಡಾಯ. ಕಣ್ಣು ಮಿಟುಕಿಸುವಷ್ಟರಲ್ಲಿ ಉಬ್ಬುವ ಆ ಚೀಲ ದೊಡ್ಡವರ ಎದೆಯ ಅಳತೆಗೆ ಮಾಡಿದ್ದು. ಮಡಿಲಿನ ಕೂಸಿಗೆ ಅದೇ ಮೊದಲ ಪೆಟ್ಟು. ಏರ್‌ಬ್ಯಾಗ್ ಚಾಲೂ ಇರುವ ಸೀಟಿನಲ್ಲಿ ಹಿಂಮುಖದ, ಅಂದರೆ ಮಗುವಿನ ಮುಖ ಕಾರಿನ ಹಿಂಭಾಗಕ್ಕಿರುವ, ಮಕ್ಕಳ ಸೀಟನ್ನು ಎಂದೂ ಇಡಬಾರದು.

ಇನ್ನು ಸೀಟಿನ ಆಯ್ಕೆ. ನಮ್ಮ ದೇಶದ ಮಾನದಂಡ ಎಐಎಸ್-072. ಯುರೋಪಿನ ಆರ್44 ನಿಯಮವನ್ನು ಅನುಸರಿಸಿದ್ದು. ಅದರಲ್ಲಿ ವಿಂಗಡಣೆ ತೂಕದ ಮೇಲೆ: ಗುಂಪು 0 ಎಂದರೆ 10 ಕಿಲೋವರೆಗೆ, 0+ ಎಂದರೆ 13ರವರೆಗೆ, 1 ಎಂದರೆ 9ರಿಂದ 18, 2 ಎಂದರೆ 15ರಿಂದ 25, 3 ಎಂದರೆ 22ರಿಂದ 36 ಕಿಲೋ. ಡಬ್ಬದ ಮೇಲೆ ದೊಡ್ಡಕ್ಷರದಲ್ಲಿರುವ ‘0–4 ವರ್ಷ’, ‘0–12 ವರ್ಷ’ ಎಂಬುದಕ್ಕಿಂತ ಈ ಕಿಲೋಗಳನ್ನು ಮೊದಲು ಓದಬೇಕು. ನನ್ನ ಪ್ರಕಾರ ಇಡೀ ಖರೀದಿಯ ತಿರುಳು ಒಂದೇ ಪ್ರಶ್ನೆಯಲ್ಲಿದೆ: ಈ ಸೀಟಿನಲ್ಲಿ ಮಗುವನ್ನು ಹಿಂಮುಖವಾಗಿ ಎಷ್ಟು ಕಿಲೋವರೆಗೆ ಕೂರಿಸಬಹುದು?

ಹಿಂಮುಖ ಏಕೆಂದರೆ, ಹುಟ್ಟಿದ ಕೂಸಿನ ತಲೆ ಅದರ ಉದ್ದದ ಕಾಲುಭಾಗ. ದೊಡ್ಡವರಲ್ಲಿ ಅದು ಏಳನೇ ಒಂದೋ ಎಂಟನೇ ಒಂದೋ ಭಾಗ. ಪುಟ್ಟ ಮಕ್ಕಳ ಕತ್ತಿನ ಮೂಳೆಗಳು ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಮುಂದಕ್ಕೆ ಮುಖ ಮಾಡಿ ಕೂತ ಮಗುವಿನ ಮೈಯನ್ನು ಪಟ್ಟಿಗಳು ಹಿಡಿದರೂ ಭಾರದ ತಲೆ ಮುಂದಕ್ಕೆ ಚಿಮ್ಮುತ್ತದೆ, ಎಳೆತವೆಲ್ಲ ಕತ್ತಿನ ಮೇಲೆ. ಹಿಂಮುಖವಾಗಿ ಕೂತಿದ್ದರೆ ಸೀಟಿನ ಬೆನ್ನು ತಲೆ, ಕತ್ತು, ಬೆನ್ನು ಮೂರನ್ನೂ ಒಟ್ಟಿಗೆ ಆನಿಕೊಳ್ಳುತ್ತದೆ.

ಮಾರುಕಟ್ಟೆಯಲ್ಲಿ ಕೆಲವು ಸೀಟುಗಳ ಹಿಂಮುಖ ಮಿತಿ 10 ಕಿಲೋ, ಕೆಲವುಗಳದು 13. ಮೂರು ಕಿಲೋ ಅಲ್ಲವೇ ಎನಿಸಬಹುದು. ಬೆಳವಣಿಗೆ ಪಟ್ಟಿಯಲ್ಲಿಟ್ಟು ನೋಡಿ: ಮಧ್ಯಮ ತೂಕದ ಗಂಡುಮಗು 10 ಕಿಲೋ ಮುಟ್ಟುವುದು 14ನೇ ತಿಂಗಳ ಸುಮಾರಿಗೆ, 13 ಕಿಲೋ ಮುಟ್ಟುವುದು 29ನೇ ತಿಂಗಳಿಗೆ. ಹೆಣ್ಣುಮಗುವಿಗೆ 17 ಮತ್ತು 32. ಎರಡರಲ್ಲೂ ಅಂತರ 15 ತಿಂಗಳು. ಯುರೋಪಿನ ಹೊಸ ಆರ್129 ನಿಯಮ 15 ತಿಂಗಳಾಗುವವರೆಗೆ ಹಿಂಮುಖವನ್ನು ಕಡ್ಡಾಯ ಮಾಡಿದೆ. 10 ಕಿಲೋ ಮಿತಿಯ ಸೀಟು ಮಧ್ಯಮ ತೂಕದ ಗಂಡುಮಗುವಿಗೆ ಆ ಗಡುವನ್ನೂ ಮುಟ್ಟಿಸುವುದಿಲ್ಲ. ತೂಕದ ಮಿತಿ ಇನ್ನೂ ಮುಟ್ಟಿಲ್ಲ, ಆದರೆ ತಲೆಯ ನೆತ್ತಿ ಸೀಟಿನ ಅಂಚು ಮೀರುತ್ತಿದೆ ಎಂದರೆ ಮಿತಿ ಅಲ್ಲಿಗೇ ಮುಗಿಯಿತು. ಕಾಲು ಮಡಚಿಕೊಂಡಿದೆ ಎಂಬ ಕಾರಣಕ್ಕೆ ಮಾತ್ರ ತಿರುಗಿಸಬೇಡಿ. ಮಕ್ಕಳು ಚಕ್ಕಳಮಕ್ಕಳ ಹಾಕಿ ಹಾಯಾಗಿ ಕೂರುತ್ತಾರೆ. ಸ್ವೀಡನ್ನಿನಲ್ಲಿ ನಾಲ್ಕು ವರ್ಷದವರೆಗೂ ಹಿಂಮುಖವಾಗಿಯೇ ಕೂರಿಸುವ ರೂಢಿಯಿದೆ.

ಬೆಲೆಯ ಲೆಕ್ಕ ಇಷ್ಟು ಕಷ್ಟದ್ದಲ್ಲ. ಪ್ರಮಾಣೀಕೃತ ಸೀಟುಗಳು ಕೆಲವು ಸಾವಿರ ರೂಪಾಯಿಗಳಿಂದ ಶುರುವಾಗುತ್ತವೆ. ಆಮದಾದವು, ಐಸೋಫಿಕ್ಸ್ (ಬೆಲ್ಟ್ ಬದಲು ಕಾರಿನ ಕೊಂಡಿಗಳಿಗೇ ಸೀಟನ್ನು ಸಿಗಿಸುವ ವ್ಯವಸ್ಥೆ) ಇರುವವು 20,000 ದಾಟುವುದುಂಟು. 0+/1 ಗುಂಪಿನ ಸೀಟೊಂದು 10,000 ರೂಪಾಯಿ ಎಂದಿಟ್ಟುಕೊಳ್ಳಿ. ಮಧ್ಯಮ ಮಗು 18 ಕಿಲೋ ಆಗುವುದು ಸುಮಾರು 58 ತಿಂಗಳಿಗೆ. ತಿಂಗಳಿಗೆ 172 ರೂಪಾಯಿ ಬಿತ್ತು. ಆಮೇಲೆ, ದೊಡ್ಡವರ ಬೆಲ್ಟ್ ಹೊಂದುವಂತೆ ಮಗುವನ್ನು ಎತ್ತರಿಸಿ ಕೂರಿಸುವ ಬೂಸ್ಟರ್ ಸೀಟು, 145 ಸೆಂ.ಮೀ. ಆಗುವವರೆಗೆ. ಎಲ್ಲ ವಯಸ್ಸಿಗೂ ಒಂದೇ ಎನ್ನುವ ಸೀಟು ಕೊಂಡರೆ ಬೂಸ್ಟರಿನ ಹಣ ಉಳಿಯುತ್ತದೆ. ಆದರೆ ಅದರ ಹಿಂಮುಖ ಮಿತಿ 10 ಕಿಲೋ ಆಗಿದ್ದರೆ ಆ ಉಳಿತಾಯವನ್ನು ನಾನು ಬೇಡವೆನ್ನುತ್ತೇನೆ.

ಸಾವಿರದೊಳಗೆ ಸಿಗುವ, ಬಟ್ಟೆಯ ಮೆತ್ತೆಗೆ ನಾಲ್ಕು ಪಟ್ಟಿ ಹೊಲಿದು ‘ಕಾರ್ ಸೀಟ್’ ಎಂದು ಮಾರುವ ವಸ್ತುಗಳನ್ನು ಮುಟ್ಟಲೂಬೇಡಿ. ಪ್ರಮಾಣೀಕೃತ ಸೀಟಿನ ಮೈಮೇಲೆಯೇ ಗುರುತು ಅಂಟಿರುತ್ತದೆ. ಆರ್44 ಸೀಟಾದರೆ ವೃತ್ತದೊಳಗೆ ‘ಇ’ ಅಕ್ಷರ ಮತ್ತು ದೇಶದ ಸಂಖ್ಯೆ, ಕಿಲೋ ಮಿತಿ, 04ರಿಂದ ಶುರುವಾಗುವ ಅನುಮೋದನೆ ಸಂಖ್ಯೆ ಇರಬೇಕು. ನೆಂಟರ ಮನೆಯ ಹಳೆಯ ಸೀಟನ್ನು, ಅದು ಯಾವ ಅಪಘಾತಕ್ಕೂ ಸಿಕ್ಕಿಲ್ಲವೆಂದು ಗೊತ್ತಿದ್ದರೆ, ಬಳಕೆಯ ಅವಧಿ ಮುಗಿದಿರದಿದ್ದರೆ, ಪಡೆಯಬಹುದು.

ಕೊಂಡ ಮೇಲೂ ಕೆಲಸವಿದೆ. ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆಯ ಲೆಕ್ಕದಂತೆ ಮಕ್ಕಳ ಸೀಟು ಕಾರುಗಳಲ್ಲಿ ವರ್ಷದೊಳಗಿನ ಕೂಸುಗಳ ಸಾವನ್ನು ಶೇ. 71, ಒಂದರಿಂದ ನಾಲ್ಕು ವರ್ಷದವರ ಸಾವನ್ನು ಶೇ. 54ರಷ್ಟು ತಗ್ಗಿಸುತ್ತದೆ. ಅದೇ ಇಲಾಖೆಯ ಸಮೀಕ್ಷೆಯಲ್ಲಿ ಶೇ. 46ರಷ್ಟು ಸೀಟುಗಳ ಬಳಕೆ ತಪ್ಪಾಗಿತ್ತು. ಬೆಲ್ಟ್ ಹಾಯುವ ಜಾಗದಲ್ಲಿ ಹಿಡಿದು ಅಲುಗಿಸಿದರೆ ಸೀಟು 2.5 ಸೆಂ.ಮೀ.ಗಿಂತ ಹೆಚ್ಚು ಸರಿಯಬಾರದು. ಭುಜದ ಪಟ್ಟಿ ಹಿಂಮುಖದಲ್ಲಿ ಭುಜದ ಮಟ್ಟಕ್ಕೋ ತುಸು ಕೆಳಗೋ, ಮುಮ್ಮುಖದಲ್ಲಿ ಭುಜದ ಮಟ್ಟಕ್ಕೋ ತುಸು ಮೇಲೋ ಹೊರಡಬೇಕು. ಬಿಗಿದ ಪಟ್ಟಿಯನ್ನು ಬೆರಳಲ್ಲಿ ಚಿವುಟಿದರೆ ಮಡಿಕೆ ಸಿಗಬಾರದು. ಮಡಿಕೇರಿಯ ಚಳಿಯಲ್ಲಾದರೂ ದಪ್ಪ ಸ್ವೆಟರಿನ ಮೇಲೆ ಪಟ್ಟಿ ಕಟ್ಟಬೇಡಿ. ಪಟ್ಟಿ ಬಿಗಿದ ಮೇಲೆ ಶಾಲು ಹೊದಿಸಿ. ಏಪ್ರಿಲ್ ಬಿಸಿಲಲ್ಲಿ ಕಾರು ನಿಲ್ಲಿಸಿದ್ದರೆ ಬಕಲ್ಲಿನ ಕಬ್ಬಿಣವನ್ನು ಮೊದಲು ನಿಮ್ಮ ಕೈಯಲ್ಲಿ ಮುಟ್ಟಿ ನೋಡಿ.

ಐಸೋಫಿಕ್ಸ್ ಕೊಂಡಿಗಳು ಸಾಮಾನ್ಯವಾಗಿ ಹಿಂದಿನ ಸಾಲಿನ ಎರಡು ಬದಿಗಳಲ್ಲಿರುತ್ತವೆ, ಹಳೆಯ ಕಾರುಗಳಲ್ಲಿ ಇರದಿರಬಹುದು. ಸಣ್ಣ ಹ್ಯಾಚ್‌ಬ್ಯಾಕ್‌ನಲ್ಲಿ ಹಿಂಮುಖದ ಸೀಟು ಇಟ್ಟರೆ ಅದರ ಮುಂದಿನ ಸೀಟನ್ನು ಮುಂದಕ್ಕೆ ಎಳೆಯಬೇಕಾಗುತ್ತದೆ. ಆದ್ದರಿಂದ ಹಣ ಕೊಡುವ ಮೊದಲು ಅಂಗಡಿಯವರಿಂದ ನಿಮ್ಮದೇ ಕಾರಿನಲ್ಲಿ ಸೀಟನ್ನು ಕೂರಿಸಿಸಿ, ಮಗುವನ್ನು ಅದರಲ್ಲಿ ಕೂರಿಸಿ, ಬೆಲ್ಟ್ ಸಾಕಷ್ಟು ಉದ್ದವಿದೆಯೇ ನೋಡಿ.