ಕಾಣದ ಅಂಗಡಿಯಲ್ಲಿ ಕೊಂಡ ಫೋನು ಕೆಟ್ಟರೆ



ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳಿ. ನೀವು ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ಸಂಶಿ ಗ್ರಾಮದವರು. ದ್ವಿತೀಯ ಪಿಯುಸಿ ಓದುತ್ತಿದ್ದೀರಿ. ಮೆಣಸಿನಕಾಯಿ ಮಾರಿ ಬಂದ ಹಣದಲ್ಲಿ 11,000 ರೂಪಾಯಿ ತೆಗೆದು ನಿಮ್ಮ ತಂದೆಯವರು ಆನ್‌ಲೈನ್ ಜಾಲತಾಣವೊಂದರಿಂದ ಮೊಬೈಲ್ ಫೋನು ತರಿಸಿದ್ದಾರೆ. ಫೋನು ಬಂದ ಆರನೆಯ ದಿನಕ್ಕೆ ಪರದೆಯ ಅರ್ಧ ಭಾಗ ಕಪ್ಪಾಯಿತು. ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಾಗಿ ತಾನಾಗಿಯೇ ಆರಿಹೋಗತೊಡಗಿತು. ವಿದ್ಯಾರ್ಥಿವೇತನದ ಅರ್ಜಿಗೆ ಇನ್ನು ಕೆಲವೇ ದಿನ ಉಳಿದಿದೆ. ಅದರ ಓಟಿಪಿ ಬರಬೇಕಾದದ್ದು ಇದೇ ಫೋನಿಗೆ.

ಜಾಲತಾಣಕ್ಕೆ ತಿಳಿಸಿದಿರಿ. ಅವರು "ನಾವು ಕೇವಲ ಮಧ್ಯವರ್ತಿಗಳು, ಮಾರಾಟಗಾರರನ್ನು ಕೇಳಿ" ಎಂದರು. ಮಾರಾಟಗಾರರು "ಕಂಪನಿಯ ಸೇವಾ ಕೇಂದ್ರಕ್ಕೆ ಹೋಗಿ" ಎಂದರು. ಹುಬ್ಬಳ್ಳಿಯ ಸೇವಾ ಕೇಂದ್ರದವರು "ಒಳಗೆ ನೀರು ಹೋಗಿದೆ, ವಾರಂಟಿ ಅನ್ವಯಿಸದು" ಎಂದು ಬಾಯಿಮಾತಿನಲ್ಲಿ ಹೇಳಿ ಕಳುಹಿಸಿದರು. ಮನೆಗೆ ಬಂದರೆ ಹಿರಿಯರೊಬ್ಬರ ಮಾತು: "ಹೋದ್ರ ಹೋತ್ ಬಿಡು. ಹನ್ನೊಂದ್ ಸಾವಿರಕ್ಕ ಯಾರ್ ಕೋರ್ಟು ಕಚೇರಿ ಅಂತ ಅಡ್ಡಾಡ್ತಾರ?"

ಹಿರಿಯರ ಈ ಪ್ರಶ್ನೆ ನ್ಯಾಯವಾದದ್ದೇ. ಬಸ್ಸಿನ ಖರ್ಚು, ವಕೀಲರ ಶುಲ್ಕ, ಕೂಲಿ ಕಳೆದುಕೊಳ್ಳುವ ದಿನಗಳು ಇವನ್ನೆಲ್ಲ ಲೆಕ್ಕ ಹಾಕಿಯೇ ಅವರು ಹಾಗೆ ಹೇಳುತ್ತಾರೆ. ಆದರೆ ಈ ಲೆಕ್ಕ ಈಗ ಬದಲಾಗಿದೆ. ಹೇಗೆ ಎಂಬುದನ್ನು ಈ ಲೇಖನದಲ್ಲಿ ತಿಳಿಯೋಣ.

ಸಂತೆಯ ವ್ಯಾಪಾರ, ಜಾಲತಾಣದ ವ್ಯಾಪಾರ

ಸಂತೆಯಲ್ಲಿ ಕೊಂಡ ಕೊಡ ಸೋರಿದರೆ ಮುಂದಿನ ವಾರ ಅದೇ ಅಂಗಡಿಯವನ ಮುಂದೆ ಹೋಗಿ ನಿಲ್ಲಬಹುದು. ನಾಲ್ಕು ಜನರ ಎದುರು ಅವನಿಗೂ ತನ್ನ ಹೆಸರಿನ ಚಿಂತೆ ಇರುತ್ತದೆ. ಆನ್‌ಲೈನ್ ಖರೀದಿಯಲ್ಲಿ ಈ ಮುಖಾಮುಖಿ ಇಲ್ಲ. ಅಲ್ಲಿ ಮೂವರು ಇದ್ದಾರೆ: ಸರಕನ್ನು ತೋರಿಸುವ ಜಾಲತಾಣ, ಅದರ ಮೂಲಕ ಮಾರುವ ಮಾರಾಟಗಾರ ಮತ್ತು ಫೋನನ್ನು ತಯಾರಿಸಿದ ಕಂಪನಿ. ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸುವುದು ಇದರಿಂದ ಸುಲಭವಾಗುತ್ತದೆ.

ನಮ್ಮ ದೇಶದಲ್ಲಿ ಗ್ರಾಹಕ ಸಂರಕ್ಷಣಾ ಕಾಯಿದೆ ಮೊದಲು ಬಂದದ್ದು 1986ರಲ್ಲಿ. ಆ ವರ್ಷದ ಡಿಸೆಂಬರ್ 24ರಂದು ಅದಕ್ಕೆ ರಾಷ್ಟ್ರಪತಿಗಳ ಅಂಕಿತ ದೊರೆಯಿತು; ಆ ದಿನವನ್ನೇ ರಾಷ್ಟ್ರೀಯ ಗ್ರಾಹಕರ ದಿನವಾಗಿ ಆಚರಿಸುತ್ತೇವೆ. ಆನ್‌ಲೈನ್ ಖರೀದಿ ಎಂಬುದು ಆಗ ಇರಲಿಲ್ಲ. ಎದುರು ಪಕ್ಷದವರು ಇರುವ ಊರಿನಲ್ಲಿ ಅಥವಾ ವ್ಯಾಜ್ಯದ ಕಾರಣ ಉಂಟಾದ ಊರಿನಲ್ಲಿ ದೂರು ಕೊಡಬೇಕಿತ್ತು. ಫೋನಿನಲ್ಲಿ ಗುಂಡಿ ಒತ್ತಿ ಕೊಂಡ ವಸ್ತುವಿನ ವ್ಯಾಜ್ಯ ಎಲ್ಲಿ ಉಂಟಾಯಿತು ಎಂಬುದೇ ಒಂದು ವಾದವಾಗುತ್ತಿತ್ತು.

2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಹೊಸ ಕಾಯಿದೆ ಈ ತೊಡಕನ್ನು ಬಿಡಿಸಿತು. ಆನ್‌ಲೈನ್ ಮೂಲಕ ಕೊಳ್ಳುವವರೂ ಗ್ರಾಹಕರೇ ಎಂದು ಅದು ಸ್ಪಷ್ಟಪಡಿಸಿತು. ದೂರುದಾರರು ತಾವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದೆಂದೂ ಹೇಳಿತು. ಮಾರಾಟಗಾರ ದಿಲ್ಲಿಯಲ್ಲಿರಲಿ, ಜಾಲತಾಣದ ಕಚೇರಿ ಬೆಂಗಳೂರಿನಲ್ಲಿರಲಿ, ಸಂಶಿಯವರ ದೂರನ್ನು ಧಾರವಾಡ ಜಿಲ್ಲಾ ಆಯೋಗ ಕೇಳಬೇಕು. ಅಂದರೆ ಅಂಗಡಿ ಎಷ್ಟೇ ದೂರವಿದ್ದರೂ ನ್ಯಾಯದ ಬಾಗಿಲು ನಿಮ್ಮ ಜಿಲ್ಲೆಯಲ್ಲಿದೆ.

ಜಾಲತಾಣಗಳ ಹೊಣೆ ಏನು?

2020ರ ಜುಲೈ 23ರಂದು ಹೊರಡಿಸಿದ ಇ-ವಾಣಿಜ್ಯ ನಿಯಮಗಳು ನಿಮಗೆ ಬಹಳ ಉಪಯುಕ್ತ. ಮುಖ್ಯವಾದ ನಾಲ್ಕನ್ನು ನೋಡೋಣ.

ಒಂದು: ಪ್ರತಿ ಜಾಲತಾಣವೂ ಕುಂದುಕೊರತೆ ಅಧಿಕಾರಿಯನ್ನು ನೇಮಿಸಿ, ಅವರ ಹೆಸರು ಮತ್ತು ಸಂಪರ್ಕ ವಿವರವನ್ನು ಪ್ರಕಟಿಸಬೇಕು. ಎರಡು: ಆ ಅಧಿಕಾರಿ ದೂರು ತಲುಪಿದ್ದನ್ನು 48 ಗಂಟೆಗಳೊಳಗೆ ತಿಳಿಸಿ, ಒಂದು ತಿಂಗಳೊಳಗೆ ಅದನ್ನು ಪರಿಹರಿಸಬೇಕು. ಮೂರು: ಕೊಂಡವರು ಬರಹದಲ್ಲಿ ಕೇಳಿದರೆ ಮಾರಾಟಗಾರರ ವಿಳಾಸ, ಇ-ಮೇಲ್ ಮುಂತಾದ ವಿವರಗಳನ್ನು ಒದಗಿಸಬೇಕು. ನಾಲ್ಕು: ವಸ್ತುವಿನಲ್ಲಿ ದೋಷವಿದ್ದರೆ ಅಥವಾ ಜಾಹೀರಾತಿನಲ್ಲಿ ಹೇಳಿದ ಗುಣ ಅದರಲ್ಲಿ ಇಲ್ಲದಿದ್ದರೆ ಅದನ್ನು ಹಿಂದಕ್ಕೆ ಪಡೆಯಲು ಅಥವಾ ಹಣ ಮರಳಿಸಲು ಮಾರಾಟಗಾರರು ನಿರಾಕರಿಸುವಂತಿಲ್ಲ.

"ದೋಷ" ಎಂಬ ಪದವನ್ನು ಸರಿಯಾಗಿ ತಿಳಿಯಿರಿ. ಗುಣಮಟ್ಟದಲ್ಲಿ, ಪ್ರಮಾಣದಲ್ಲಿ, ಹೇಳಿದ ಮಾನದಂಡದಲ್ಲಿ ಇರುವ ಕೊರತೆಯೇ ದೋಷ. ನಿಮ್ಮ ಕೈಜಾರಿ ಬಿದ್ದು ಒಡೆದ ಗಾಜು ದೋಷವಾಗದು. ಬಣ್ಣ ಇಷ್ಟವಾಗದಿರುವುದೂ ದೋಷವಾಗದು. ಕಾನೂನು ಗ್ರಾಹಕರ ಪರವಾಗಿದೆ; ಹಾಗೆಂದು ಸುಳ್ಳು ದೂರಿಗೆ ಅದು ಆಸರೆಯಾಗದು.

ಪೆಟ್ಟಿಗೆ ಬಂದ ದಿನ ಮಾಡಬೇಕಾದದ್ದು

ವ್ಯಾಜ್ಯ ಹುಟ್ಟಿದ ಮೇಲೆ ಪುರಾವೆ ಹುಡುಕುವುದು ಕಷ್ಟ. ಆದ್ದರಿಂದ ಫೋನು ಮನೆಗೆ ಬಂದ ದಿನವೇ ಕೆಲವು ಕೆಲಸಗಳನ್ನು ಮಾಡಿಡಿ. ಇನ್ನೊಂದು ಫೋನಿನಲ್ಲಿ ವಿಡಿಯೊ ತೆಗೆಯುತ್ತ ಪೆಟ್ಟಿಗೆಯನ್ನು ಬಿಚ್ಚಿ. ವಿಳಾಸದ ಚೀಟಿ, ಮುದ್ರೆ, ಫೋನು ಹೊತ್ತಿಕೊಳ್ಳುವುದು ಎಲ್ಲವೂ ನಡುವೆ ಕಡಿಯದಂತೆ ಕಾಣಲಿ.

ಪ್ರತಿ ಫೋನಿಗೂ 15 ಅಂಕಿಗಳ ಐಎಂಇಐ ಸಂಖ್ಯೆ ಇರುತ್ತದೆ. *#06# ಒತ್ತಿದರೆ ಅದು ಪರದೆಯ ಮೇಲೆ ಮೂಡುತ್ತದೆ. ಪೆಟ್ಟಿಗೆಯ ಮೇಲಿನ ಸಂಖ್ಯೆಯೊಂದಿಗೆ ಅದನ್ನು ಹೋಲಿಸಿ. ಬಿಲ್ಲಿನಲ್ಲಿಯೂ ಮುದ್ರಿಸಿದ್ದರೆ ಅದನ್ನೂ ನೋಡಿ. ಸಂಖ್ಯೆಗಳು ಬೇರೆಯಾಗಿದ್ದರೆ ಅದೇ ದಿನ ದೂರು ಕೊಡಿ. ಬಿಲ್ಲು, ವಾರಂಟಿ ಪತ್ರ, ಹಣ ಪಾವತಿಯ ಸಂದೇಶ ಮತ್ತು ಜಾಲತಾಣದ ಜಾಹೀರಾತು ಪುಟದ ಚಿತ್ರ ಇವನ್ನು ಜೋಪಾನ ಮಾಡಿ. ಹಿಂತಿರುಗಿಸುವ ಅವಧಿ ಒಂದೊಂದು ಜಾಲತಾಣದಲ್ಲಿ ಒಂದೊಂದು ರೀತಿ ಇರುತ್ತದೆ. ಕೊನೆಯ ದಿನ ಯಾವುದೆಂದು ಗುರುತು ಹಾಕಿಕೊಳ್ಳಿ.

ಮೊದಲ ಮೆಟ್ಟಿಲು: ಬರಹದಲ್ಲಿ ದೂರು

ನಮ್ಮ ಸಂಶಿಯ ಉದಾಹರಣೆಗೆ ಮರಳೋಣ. ಅಲ್ಲಿ ಆದ ದೊಡ್ಡ ತಪ್ಪು ಯಾವುದು, ಗಮನಿಸಿದಿರಾ? ಮೂರು ಕಡೆ ಮಾತು ನಡೆಯಿತು, ಒಂದೂ ಬರಹಕ್ಕೆ ಇಳಿಯಲಿಲ್ಲ. ಫೋನಿನಲ್ಲಿ ಹೇಳಿದ ಮಾತಿಗೆ ಆಧಾರವಿಲ್ಲ. ಜಾಲತಾಣದ ಕುಂದುಕೊರತೆ ಅಧಿಕಾರಿಗೆ ಇ-ಮೇಲ್ ಬರೆಯಿರಿ. ಅದರ ಪ್ರತಿಯನ್ನು ಮಾರಾಟಗಾರರಿಗೂ ಫೋನಿನ ಕಂಪನಿಗೂ ಕಳುಹಿಸಿ. ಪತ್ರ ಉದ್ದವಾಗಿರಬೇಕಿಲ್ಲ. ಹೀಗಿದ್ದರೆ ಸಾಕು:

"ಈ ದಿನಾಂಕದಂದು, ಈ ಆರ್ಡರ್ ಸಂಖ್ಯೆಯಲ್ಲಿ, 11,000 ರೂಪಾಯಿ ಕೊಟ್ಟು ತಮ್ಮಿಂದ ಈ ಮಾದರಿಯ ಫೋನನ್ನು ಕೊಂಡಿದ್ದೇನೆ. ಬಂದ ಆರನೆಯ ದಿನದಿಂದ ಪರದೆ ಅರ್ಧ ಕಪ್ಪಾಗಿದೆ, ಫೋನು ಅತಿಯಾಗಿ ಬಿಸಿಯಾಗಿ ಆರಿಹೋಗುತ್ತಿದೆ. ಚಿತ್ರಗಳು, ವಿಡಿಯೊ ಮತ್ತು ಬಿಲ್ಲಿನ ಪ್ರತಿ ಲಗತ್ತಿಸಿದ್ದೇನೆ. ದಯವಿಟ್ಟು ಫೋನನ್ನು ಬದಲಿಸಿಕೊಡಿ ಅಥವಾ ಹಣ ಮರಳಿಸಿ. 15 ದಿನಗಳಲ್ಲಿ ಪರಿಹಾರ ಸಿಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ."

ಬೈಗುಳ ಬೇಡ, ಬೆದರಿಕೆ ಬೇಡ. ದಿನಾಂಕ, ಸಂಖ್ಯೆ, ದೋಷ, ಬೇಡಿಕೆ ಈ ನಾಲ್ಕು ಇದ್ದರೆ ಪತ್ರ ಪೂರ್ಣವಾಯಿತು. ಪ್ರತಿ ದೂರಿಗೂ ಜಾಲತಾಣ ಕೊಡುವ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.

ಸೇವಾ ಕೇಂದ್ರಕ್ಕೆ ಹೋದಾಗ ಫೋನು ಒಪ್ಪಿಸಿದ್ದಕ್ಕೆ ಜಾಬ್ ಶೀಟ್ ಪಡೆಯಿರಿ. "ನೀರು ಹೋಗಿದೆ" ಎಂದರೆ ಅದನ್ನೇ ಬರೆದು, ಸಹಿ ಮಾಡಿ, ಒಳಭಾಗದ ಚಿತ್ರದೊಂದಿಗೆ ಕೊಡುವಂತೆ ವಿನಯದಿಂದ ಕೇಳಿ. ಬರೆದುಕೊಟ್ಟರೆ ಅದನ್ನು ಮುಂದೆ ಪರೀಕ್ಷೆಗೆ ಒಡ್ಡಬಹುದು. ಬರೆದುಕೊಡಲು ಒಪ್ಪದಿದ್ದರೆ ಆ ಸಂಗತಿಯನ್ನು ಅಂದೇ ಇ-ಮೇಲ್‌ನಲ್ಲಿ ಕಂಪನಿಗೆ ತಿಳಿಸಿ. ಹೊರಗೆ ಬೇರೆ ಅಂಗಡಿಯಲ್ಲಿ ಫೋನನ್ನು ಬಿಚ್ಚಿಸಬೇಡಿ; ದೋಷ ಮೊದಲೇ ಇತ್ತೆಂದು ತೋರಿಸುವುದು ಆಮೇಲೆ ಕಷ್ಟ.

ಇಲ್ಲೊಂದು ಎಚ್ಚರಿಕೆ. ಸಹಾಯವಾಣಿಯ ಸಂಖ್ಯೆಯನ್ನು ಜಾಲತಾಣದ ಅಧಿಕೃತ ಪುಟದಿಂದಲೇ ತೆಗೆದುಕೊಳ್ಳಿ. ಹುಡುಕಿದಾಗ ಸಿಗುವ ಅಪರಿಚಿತ ಸಂಖ್ಯೆಗೆ ಕರೆ ಮಾಡಿ, "ಹಣ ಮರಳಿಸುತ್ತೇವೆ, ಓಟಿಪಿ ಹೇಳಿ" ಎಂಬ ಮಾತಿಗೆ ಮರುಳಾಗಿ ಖಾತೆ ಬರಿದು ಮಾಡಿಕೊಂಡವರಿದ್ದಾರೆ. ಹಾಗಾದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಎರಡನೆಯ ಮೆಟ್ಟಿಲು: 1915

ಪತ್ರಕ್ಕೆ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕರ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕನ್ನಡದಲ್ಲಿಯೂ ಮಾತನಾಡಬಹುದು. ಅವರು ನಿಮ್ಮ ದೂರನ್ನು ದಾಖಲಿಸಿ ಕಂಪನಿಗೆ ಕಳುಹಿಸುತ್ತಾರೆ. ಈ ಸಹಾಯವಾಣಿ ನ್ಯಾಯಾಲಯವಲ್ಲದ್ದರಿಂದ ಆದೇಶ ಹೊರಡಿಸುವ ಅಧಿಕಾರ ಅದಕ್ಕಿಲ್ಲ. ಆದರೂ ಎಷ್ಟೋ ವ್ಯಾಜ್ಯಗಳು ಇಲ್ಲಿಯೇ ಮುಗಿಯುತ್ತವೆ. ಮುಗಿಯದಿದ್ದರೂ ದೂರಿನ ಸಂಖ್ಯೆ ನಿಮ್ಮ ಕಡತಕ್ಕೆ ಇನ್ನೊಂದು ಪುರಾವೆಯಾಗುತ್ತದೆ.

ಮೂರನೆಯ ಮೆಟ್ಟಿಲು: ಜಿಲ್ಲಾ ಆಯೋಗ

ಹಿಂದೆ "ಗ್ರಾಹಕರ ವೇದಿಕೆ" ಎಂದು ಕರೆಯುತ್ತಿದ್ದ ಸಂಸ್ಥೆಯೇ ಈಗಿನ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಮೀರದ ವ್ಯಾಜ್ಯಗಳನ್ನು ಅದು ಕೇಳುತ್ತದೆ. ವಸ್ತುವಿನ ಬೆಲೆ 5 ಲಕ್ಷದವರೆಗೆ ಇದ್ದರೆ ದೂರಿಗೆ ಶುಲ್ಕವೇ ಇಲ್ಲ. ವಕೀಲರು ಕಡ್ಡಾಯವಲ್ಲ, ನೀವೇ ವಾದಿಸಬಹುದು. ಗ್ರಾಹಕರು 18 ವರ್ಷ ತುಂಬದವರಾದರೆ ತಂದೆತಾಯಿ ಅಥವಾ ಪೋಷಕರು ದೂರು ಕೊಡಬೇಕು. ವ್ಯಾಜ್ಯದ ಕಾರಣ ಉಂಟಾದ ದಿನದಿಂದ ಎರಡು ವರ್ಷಗಳೊಳಗೆ ದೂರು ದಾಖಲಾಗಬೇಕು.

ದೂರನ್ನು ಖುದ್ದಾಗಿ ಕೊಡಬಹುದು. ಆನ್‌ಲೈನ್ ಮೂಲಕವೂ ಸಲ್ಲಿಸಬಹುದು. ಇದಕ್ಕಾಗಿ 2020ರಲ್ಲಿ "ಇ-ದಾಖಿಲ್" ಎಂಬ ವ್ಯವಸ್ಥೆ ಬಂದಿತ್ತು, 2025ರ ಜನವರಿಯಲ್ಲಿ "ಇ-ಜಾಗೃತಿ" ಆರಂಭವಾಯಿತು. ದೂರಿನಲ್ಲಿ ಜಾಲತಾಣ, ಮಾರಾಟಗಾರ, ತಯಾರಕ ಕಂಪನಿ ಮೂವರನ್ನೂ ಎದುರುದಾರರನ್ನಾಗಿ ಹೆಸರಿಸುವುದು ಒಳ್ಳೆಯದು. ಆಗ ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸಿದರೂ ತೋರಿಸಲ್ಪಟ್ಟವರು ಅಲ್ಲಿಯೇ ಇರುತ್ತಾರೆ.

ನೋಟಿಸು ತಲುಪಿದ ಮೇಲೆ ಎದುರುದಾರರು 30 ದಿನಗಳಲ್ಲಿ ಉತ್ತರಿಸಬೇಕು; ಆಯೋಗ ಹೆಚ್ಚೆಂದರೆ ಇನ್ನೂ 15 ದಿನ ಕೊಡಬಹುದು. ಅದಕ್ಕೂ ಹೆಚ್ಚಿನ ಕಾಲಾವಕಾಶವಿಲ್ಲವೆಂದು 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಎರಡೂ ಪಕ್ಷದವರು ಒಪ್ಪಿದರೆ ಮಧ್ಯಸ್ಥಿಕೆಯ ಮೂಲಕ ರಾಜಿಯಾಗಲೂ ಅವಕಾಶವಿದೆ. "ನೀರು ಹೋಗಿದೆ" ಎಂಬಂಥ ವಿವಾದವನ್ನು ಬರಿಗಣ್ಣಿನಿಂದ ತೀರ್ಮಾನಿಸಲಾಗದಿದ್ದರೆ ಆಯೋಗವು ಫೋನನ್ನು ಪ್ರಯೋಗಾಲಯಕ್ಕೆ ಕಳುಹಿಸಬಹುದು. ಪರೀಕ್ಷೆ ಬೇಡವಾದರೆ 3 ತಿಂಗಳು, ಬೇಕಾದರೆ 5 ತಿಂಗಳಲ್ಲಿ ತೀರ್ಪು ಕೊಡಲು ಯತ್ನಿಸಬೇಕೆಂದು ಕಾನೂನು ಹೇಳುತ್ತದೆ. ಕಾರ್ಯತಃ ಇನ್ನೂ ಹೆಚ್ಚು ಕಾಲ ಹಿಡಿಯುವುದುಂಟು, ತಾಳ್ಮೆ ಬೇಕು.

ದೋಷ ಸಾಬೀತಾದರೆ ಆಯೋಗವು ದುರಸ್ತಿ, ಬದಲಿ ಫೋನು ಅಥವಾ ಬಡ್ಡಿಸಹಿತ ಹಣ ವಾಪಸಾತಿಗೆ ಆದೇಶಿಸಬಹುದು. ಪರಿಹಾರ ಮತ್ತು ಖರ್ಚನ್ನೂ ಕೊಡಿಸಬಹುದು. ಆದೇಶ ಪಾಲಿಸದವರಿಗೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, ಅಥವಾ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ ಆಗಬಹುದು.

ಬೆಂಗಳೂರಿನ ಒಂದು ಪ್ರಕರಣ

ಇದೆಲ್ಲ ಪುಸ್ತಕದ ಮಾತು ಎನ್ನುವವರಿಗೆ ನಮ್ಮ ರಾಜ್ಯದ್ದೇ ಒಂದು ಪ್ರಕರಣ. ಬೆಂಗಳೂರಿನ ಮಹಿಳೆಯೊಬ್ಬರು 2022ರ ಜನವರಿ 15ರಂದು ಫ್ಲಿಪ್‌ಕಾರ್ಟ್‌ನಲ್ಲಿ 12,499 ರೂಪಾಯಿಯ ಮೊಬೈಲ್ ಫೋನಿಗೆ ಹಣ ಕಟ್ಟಿದರು. ಅವರ ತೊಂದರೆ ಕೆಟ್ಟ ಫೋನಿಗಿಂತ ಒಂದು ಹೆಜ್ಜೆ ಮುಂದಿನದು: ಫೋನು ಬರಲೇ ಇಲ್ಲ. ಹಲವು ಸಲ ವಿಚಾರಿಸಿದರೂ ಫಲ ಸಿಗದೆ ಅವರು ಬೆಂಗಳೂರು ನಗರ ಜಿಲ್ಲಾ ಆಯೋಗಕ್ಕೆ ಹೋದರು. 2023ರ ಜನವರಿಯಲ್ಲಿ ವರದಿಯಾದ ಆದೇಶದಂತೆ, ಕಂಪನಿಯು 12,499 ರೂಪಾಯಿಯನ್ನು ಶೇಕಡ 12ರ ವಾರ್ಷಿಕ ಬಡ್ಡಿಯೊಂದಿಗೆ ಮರಳಿಸಬೇಕಾಯಿತು. ಜೊತೆಗೆ 20,000 ರೂಪಾಯಿ ದಂಡ, 10,000 ರೂಪಾಯಿ ವ್ಯಾಜ್ಯದ ಖರ್ಚು. ಫೋನಿನ ಬೆಲೆಯ ಎರಡು ಪಟ್ಟಿಗೂ ಹೆಚ್ಚು ಮೊತ್ತ ಅಸಲಿನ ಮೇಲೆ ಸೇರಿತು ಎಂಬುದನ್ನು ಗಮನಿಸಿ.

ಹಿರಿಯರಿಗೆ ನಿಮ್ಮ ಉತ್ತರ

ಈಗ ಆ ಹಿರಿಯರ ಲೆಕ್ಕವನ್ನು ಮತ್ತೆ ಹಾಕಿ. ದೂರಿನ ಶುಲ್ಕ ಸೊನ್ನೆ. ವಕೀಲರು ಬೇಕೇಬೇಕೆಂದಿಲ್ಲ. ಆಯೋಗ ಇರುವುದು ನಿಮ್ಮದೇ ಜಿಲ್ಲೆಯಲ್ಲಿ; ಸಕಾರಣ ಕೊಟ್ಟು ಕೋರಿದರೆ ವಿಡಿಯೊ ಮೂಲಕ ವಿಚಾರಣೆಗೂ ಅವಕಾಶವಿದೆ. ಖರ್ಚಾಗುವುದು ಹೆಚ್ಚಾಗಿ ನಿಮ್ಮ ಸಮಯ, ಬೇಕಾಗುವುದು ಕ್ರಮವಾಗಿ ಜೋಡಿಸಿಟ್ಟ ಕಾಗದ.

ಹಳ್ಳಿಯ ಮನೆಗಳಲ್ಲಿ ಆ ಕಾಗದವನ್ನು ಓದಿ, ಬರೆದು, ಜೋಡಿಸಬಲ್ಲವರು ಬಹಳ ಸಲ ವಿದ್ಯಾರ್ಥಿಗಳಾದ ನೀವೇ. ನಿಮ್ಮ ಮನೆಗೆ ಮಾತ್ರವಲ್ಲದೆ ಪಕ್ಕದ ಮನೆಯ ಕಾಕಾನಿಗೂ ಒಂದು ಪತ್ರ ಬರೆದುಕೊಡಿ. ನೀವು ಕಲಿತ ವಿದ್ಯೆ ಹನ್ನೊಂದು ಸಾವಿರ ರೂಪಾಯಿಯ ಬೆವರನ್ನು ಉಳಿಸಿದರೆ ಅದಕ್ಕಿಂತ ಸಾರ್ಥಕವೇನಿದೆ?

ನೀವೇ ಮಾಡಿ ನೋಡಿ

1. ನಿಮ್ಮ ಮನೆಯ ಫೋನಿನ ಐಎಂಇಐ ಸಂಖ್ಯೆಯನ್ನು ತೆಗೆದು ಬಿಲ್ಲಿನೊಂದಿಗೆ ಬರೆದಿಡಿ.
2. ಯಾವುದಾದರೊಂದು ಜಾಲತಾಣದಲ್ಲಿ ಕುಂದುಕೊರತೆ ಅಧಿಕಾರಿಯ ವಿವರ ಎಲ್ಲಿದೆಯೆಂದು ಹುಡುಕಿ.
3. ಹೊಸ ಸೈಕಲ್‌ನ ಚೌಕಟ್ಟು ಹತ್ತು ದಿನದಲ್ಲಿ ಬಿರುಕುಬಿಟ್ಟಿದೆ ಎಂದು ಭಾವಿಸಿ, ನಾಲ್ಕು ಅಂಶಗಳುಳ್ಳ ದೂರಿನ ಪತ್ರವೊಂದನ್ನು ಬರೆದು ನಿಮ್ಮ ಅಧ್ಯಾಪಕರಿಗೆ ತೋರಿಸಿ.