ಹಳೆಯ ಗಣಕಯಂತ್ರದಲ್ಲಿ ಅಪ್‌ಡೇಟ್ ವಿಫಲವಾದಾಗ

ಎಂಟು-ಹತ್ತು ವರ್ಷ ಹಳೆಯದಾದ ಗಣಕಯಂತ್ರಗಳು ಹಳ್ಳಿಯ ಮನೆಗಳಲ್ಲಿ ಇಂದು ಸಾಕಷ್ಟು ಕಾಣಸಿಗುತ್ತವೆ. ಮಕ್ಕಳ ಓದಿಗೆಂದು ಕೊಂಡ ಯಂತ್ರ, ಅವರು ಊರು ಬಿಟ್ಟ ಮೇಲೆ ಡೇರಿಯ ಲೆಕ್ಕ, ಗೊಬ್ಬರದ ಬಿಲ್ಲು, ಪಹಣಿಯ ನಕಲು, ಬ್ಯಾಂಕಿನ ವ್ಯವಹಾರ ಮುಂತಾದವುಗಳಿಗೆ ಬಳಕೆಯಾಗುತ್ತಿರುತ್ತದೆ. ಇಂತಹ ಯಂತ್ರಗಳಲ್ಲಿ ಸಾಮಾನ್ಯವಾಗಿ ಕಂಡುಬರುವುದು 2015ರಲ್ಲಿ ಬಿಡುಗಡೆಯಾದ ವಿಂಡೋಸ್ 10. ಇದಕ್ಕೆ ಬರುವ ಅಪ್‌ಡೇಟ್ ಅರ್ಧದಲ್ಲಿ ನಿಂತು, ಬದಲಾವಣೆಗಳನ್ನು ಹಿಂತೆಗೆಯಲಾಗುತ್ತಿದೆ ಎಂಬರ್ಥದ ಸಾಲು ಪರದೆಯ ಮೇಲೆ ಮೂಡುತ್ತದೆ. ಎರಡು-ಮೂರು ಬಾರಿ ಹೀಗಾದರೆ ಮನೆಯವರು ಅಪ್‌ಡೇಟಿನ ಗೊಡವೆಯನ್ನೇ ಬಿಟ್ಟುಬಿಡುತ್ತಾರೆ.

ಹಾಗೆ ಬಿಡುವುದು ಕ್ಷೇಮವಲ್ಲ. 2017ರ ಮೇ ತಿಂಗಳಲ್ಲಿ 'ವಾನಾಕ್ರೈ' ಎಂಬ ಕಿಡಿಗೇಡಿ ತಂತ್ರಾಂಶ 150 ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಗಣಕಯಂತ್ರಗಳಿಗೆ ಹರಡಿ, ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಅದು ನುಸುಳಿದ ಬಿರುಕನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಸಂಸ್ಥೆ ಎರಡು ತಿಂಗಳ ಮೊದಲೇ, ಮಾರ್ಚ್‌ನಲ್ಲಿ ಹೊರತಂದಿತ್ತು. ಅದನ್ನು ಹಾಕಿಕೊಂಡ ಯಂತ್ರಗಳಿಗೆ ಆ ಬಿರುಕಿನ ಮೂಲಕ ಸೋಂಕು ತಗಲಲಿಲ್ಲ.

ಪರದೆಯ ಸಂಖ್ಯೆ ರೋಗಲಕ್ಷಣ ಮಾತ್ರ

ಪೈರಿನ ಎಲೆ ಹಳದಿಯಾದ ಕೂಡಲೇ ಯೂರಿಯಾ ಚೆಲ್ಲುವ ರೂಢಿ ಕೆಲವರಲ್ಲಿದೆ. ಹಳದಿಗೆ ಸಾರಜನಕದ ಕೊರತೆ ಕಾರಣವಿರಬಹುದು, ಕಬ್ಬಿಣದ ಕೊರತೆಯಿರಬಹುದು, ನೀರು ನಿಂತು ಬೇರು ಉಸಿರುಗಟ್ಟಿರಲೂಬಹುದು. ಅಪ್‌ಡೇಟ್ ವಿಫಲವಾದುದಕ್ಕೂ ಇದೇ ಮಾತು ಅನ್ವಯಿಸುತ್ತದೆ. 'ಸೆಟ್ಟಿಂಗ್ಸ್'ನಲ್ಲಿ 'ಅಪ್‌ಡೇಟ್ ಅಂಡ್ ಸೆಕ್ಯುರಿಟಿ' ತೆರೆದು 'ವ್ಯೂ ಅಪ್‌ಡೇಟ್ ಹಿಸ್ಟರಿ' ಒತ್ತಿದರೆ ವಿಫಲವಾದ ಪ್ರತಿಯೊಂದರ ಎದುರೂ ಒಂದು ಉದ್ದದ ಸಂಖ್ಯೆ ಸಿಗುತ್ತದೆ. ಅದನ್ನು ಬರೆದುಕೊಳ್ಳಬೇಕು. ಕೊನೆಯಲ್ಲಿ 80070070 ಎಂದಿದ್ದರೆ ಡಿಸ್ಕಿನಲ್ಲಿ ಜಾಗವಿಲ್ಲವೆಂದು ತಿಳಿಯಬೇಕು. 80072ಎಫ್8ಎಫ್ ಬಂದರೆ ದಿನಾಂಕ ಅಥವಾ ವೇಳೆ ತಪ್ಪಾಗಿರುವ ಸಂಭವ ಹೆಚ್ಚು. 80070020 ಎಂದರೆ ಬೇಕಾದ ಕಡತವನ್ನು ಬೇರೊಂದು ತಂತ್ರಾಂಶ ಹಿಡಿದುಕೊಂಡಿದೆ. ಯಂತ್ರವನ್ನು ಮರುಚಾಲನೆ ಮಾಡಿ ಇನ್ನೊಮ್ಮೆ ಪ್ರಯತ್ನಿಸಿದರೆ ಅನೇಕ ವೇಳೆ ಸರಿಹೋಗುತ್ತದೆ. 80073712 ಬಂದಲ್ಲಿ ವಿಂಡೋಸ್‌ನ ಸ್ವಂತ ಕಡತಗಳೇ ಕೆಟ್ಟಿವೆ.

ಯಾವ ಚಿಕಿತ್ಸೆಗೂ ಮುನ್ನ ಮುಖ್ಯ ಕಾಗದಪತ್ರ, ಲೆಕ್ಕ, ಛಾಯಾಚಿತ್ರಗಳನ್ನು ಪೆನ್‌ಡ್ರೈವಿಗೆ ನಕಲು ಮಾಡಿ ಅದನ್ನು ಯಂತ್ರದಿಂದ ಕಳಚಿಡಬೇಕು. ಈ ಒಂದು ಕೆಲಸ ಬಿಟ್ಟು ಉಳಿದೆಲ್ಲ ಮಾಡಿದವರೇ ಕೊನೆಗೆ ಪರಿತಪಿಸುವುದು.

ಜಾಗ, ಗಡಿಯಾರ, ವಿದ್ಯುತ್

ಹಳೆಯ ಯಂತ್ರದಲ್ಲಿ ಮೊದಲು ಸಂಶಯಿಸಬೇಕಾದದ್ದು ಜಾಗದ ಕೊರತೆಯನ್ನು. ದೊಡ್ಡ ಅಪ್‌ಡೇಟಿಗೆ 'ಸಿ' ಭಾಗದಲ್ಲಿ ಸುಮಾರು 20 ಜಿಬಿ ತೆರವಿರುವುದು ಒಳ್ಳೆಯದು. 'ಸೆಟ್ಟಿಂಗ್ಸ್'ನ 'ಸ್ಟೋರೇಜ್' ವಿಭಾಗದಲ್ಲಿ 'ಟೆಂಪೊರರಿ ಫೈಲ್ಸ್' ತೆರೆದು ಬೇಡದ್ದನ್ನು ತೆಗೆಯಬಹುದು. ಆದರೆ ಆ ಪಟ್ಟಿಯಲ್ಲಿ 'ಡೌನ್‌ಲೋಡ್ಸ್' ಎಂಬುದೂ ಇರುತ್ತದೆ. ಇಳಿಸಿಕೊಂಡ ಪಹಣಿ, ವಿಮೆಯ ರಸೀದಿ ಮುಂತಾದವು ಇರುವುದು ಅಲ್ಲಿಯೇ. ಅದಕ್ಕೆ ಗುರುತು ಹಾಕಬಾರದು.

ಎರಡನೆಯದು ಗಡಿಯಾರ. ಯಂತ್ರದ ಒಳಗೆ ನಾಣ್ಯದಾಕಾರದ 3 ವೋಲ್ಟಿನ ಒಂದು ಸೆಲ್ ಇರುತ್ತದೆ. ಮೇಜಿನ ಮೇಲಿಡುವ ಯಂತ್ರಗಳಲ್ಲಿ ಸಾಮಾನ್ಯವಾಗಿ ಸಿಆರ್ 2032 ಎಂಬ ಗುರುತಿನದು. ವಿದ್ಯುತ್ ಇಲ್ಲದಾಗಲೂ ವೇಳೆ ನಡೆಯುವುದು ಇದರಿಂದ. ಸೆಲ್ ಬತ್ತಿದರೆ ಪ್ರತಿ ಬಾರಿ ಯಂತ್ರ ಹಚ್ಚಿದಾಗ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗಿರುತ್ತದೆ. ಅಪ್‌ಡೇಟ್ ಕಳುಹಿಸುವ ಕಡೆಯವರು ನಿಜವಾದವರೇ ಎಂದು ಯಂತ್ರ ಒಂದು ಪ್ರಮಾಣಪತ್ರ ನೋಡಿ ಖಚಿತಪಡಿಸಿಕೊಳ್ಳುತ್ತದೆ. ಆ ಪತ್ರಕ್ಕೆ ಅವಧಿ ಉಂಟು. ದಿನಾಂಕ ತಪ್ಪಿದರೆ ಪತ್ರ ಅಸಿಂಧುವೆನಿಸಿ ಸಂಪರ್ಕ ಕಡಿದುಹೋಗುತ್ತದೆ. ಬ್ಯಾಂಕಿನ ಪುಟವೂ ಸುರಕ್ಷಿತವಲ್ಲವೆಂದು ಎಚ್ಚರಿಸುತ್ತಿದ್ದರೆ ಕಾರಣ ಬಹುಶಃ ಇದೇ. ಸಣ್ಣ ಸೆಲ್ ಬದಲಿಸಿದರೆ ಮುಗಿಯುವ ಈ ತೊಂದರೆಗೆ ಇಡೀ ಯಂತ್ರವನ್ನು 'ಫಾರ್ಮ್ಯಾಟ್' ಮಾಡಿಸುವುದು, ಒಂದು ಗಿಡಕ್ಕೆ ರೋಗ ಬಂತೆಂದು ತೋಟವನ್ನೇ ಕಡಿಸಿದಂತೆ.

ವಿದ್ಯುತ್ತಿನ ವಿಚಾರ ಹಳ್ಳಿಯವರಿಗೆ ಹೇಳಿಕೊಡಬೇಕಾಗಿಲ್ಲ. ಅಪ್‌ಡೇಟ್ ಅಳವಡಿಕೆಯ ನಡುವೆ ಕರೆಂಟ್ ಹೋದರೆ ಕಡತಗಳು ಅರೆಬರೆಯಾಗುತ್ತವೆ. ಯುಪಿಎಸ್ ಅಥವಾ ಇನ್ವರ್ಟರ್ ಇಲ್ಲದಿದ್ದರೆ ಕರೆಂಟ್ ನಿಲ್ಲುವ ಭರವಸೆಯಿರುವ ವೇಳೆಯನ್ನೇ ಆರಿಸಿಕೊಳ್ಳಬೇಕು. ಹಳೆಯ ಹಾರ್ಡ್‌ಡಿಸ್ಕಿನಲ್ಲಿ ಈ ಕೆಲಸ ಗಂಟೆಗಟ್ಟಲೆ ಹಿಡಿಯಬಹುದು. ಡಿಸ್ಕಿನ ದೀಪ ಮಿನುಗುತ್ತಿರುವವರೆಗೆ ಯಂತ್ರ ಸತ್ತಿದೆಯೆಂದು ಭಾವಿಸಿ ಗುಂಡಿ ಒತ್ತಿ ಆರಿಸಬಾರದು. ಮೊಬೈಲಿನಿಂದ ಅಂತರ್ಜಾಲ ಪಡೆಯುವವರು ಇನ್ನೊಂದು ಅಂಶ ಗಮನಿಸಬೇಕು: ಸಂಪರ್ಕವನ್ನು 'ಮೀಟರ್ಡ್' ಎಂದು ಗುರುತಿಸಿದ್ದರೆ ಹೆಚ್ಚಿನ ಅಪ್‌ಡೇಟ್‌ಗಳು ಇಳಿಯುವುದೇ ಇಲ್ಲ.

ಕೆಟ್ಟ ಕಡತಗಳ ದುರಸ್ತಿ

ಇವೆಲ್ಲ ಸರಿಯಿದ್ದೂ ವಿಫಲವಾದರೆ ಮೊದಲು ವಿಂಡೋಸ್‌ನಲ್ಲೇ ಇರುವ 'ಟ್ರಬಲ್‌ಶೂಟರ್' ನಡೆಸಬೇಕು. ಫಲ ಕಾಣದಿದ್ದರೆ ಆಡಳಿತಾಧಿಕಾರವಿರುವ ಆದೇಶ ಕಿಟಕಿಯಲ್ಲಿ 'ಡಿಐಎಸ್‌ಎಂ' ಸಲಕರಣೆಯ 'ರಿಸ್ಟೋರ್‌ಹೆಲ್ತ್', ಅದು ಮುಗಿದ ನಂತರ 'ಎಸ್‌ಎಫ್‌ಸಿ'ಯ 'ಸ್ಕ್ಯಾನ್‌ನೌ' ನಡೆಸಬೇಕು. ಈ ಕ್ರಮ ತಪ್ಪಬಾರದು. ಎರಡನೆಯದು ಕೆಟ್ಟ ಕಡತಕ್ಕೆ ಬದಲಿಯನ್ನು ವಿಂಡೋಸ್‌ನ ಒಳಗಿನ ಉಗ್ರಾಣದಿಂದ ತರುತ್ತದೆ. ಆ ಉಗ್ರಾಣವನ್ನೇ ಸರಿಪಡಿಸುವುದು ಮೊದಲನೆಯದು. ಬಿತ್ತನೆ ಬೀಜವೇ ಮುಗ್ಗಲಾಗಿದ್ದರೆ ಮರುಬಿತ್ತನೆಯಿಂದ ಏನು ಪ್ರಯೋಜನ?

ಯಂತ್ರ ಪೂರ್ತಿ ಆರಂಭವಾಗದೇ ಹೋದರೂ ಧೈರ್ಯಗೆಡಬೇಕಾಗಿಲ್ಲ. ಎರಡು-ಮೂರು ವಿಫಲ ಆರಂಭಗಳ ನಂತರ ದುರಸ್ತಿಯ ನೀಲಿ ಪರದೆ ತಾನಾಗಿ ಬರುತ್ತದೆ. ಅಲ್ಲಿ 'ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್' ಆರಿಸಿ ಕೊನೆಯ ಅಪ್‌ಡೇಟನ್ನು ತೆಗೆಯಬಹುದು. ಇದರಿಂದ ಸ್ವಂತ ಕಡತಗಳು ಅಳಿಯುವುದಿಲ್ಲ.

ಡಿಸ್ಕಿನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ಅಥವಾ ಸಣ್ಣ ಕಡತ ತೆರೆಯಲೂ ನಿಮಿಷಗಳು ಹಿಡಿಯುತ್ತಿದ್ದರೆ ತಂತ್ರಾಂಶದ ಚಿಕಿತ್ಸೆ ನಿಲ್ಲಿಸುವುದು ಲೇಸು. ಸಾಯುತ್ತಿರುವ ಡಿಸ್ಕನ್ನು ಮೂಲೆಮೂಲೆ ತಪಾಸಣೆಗೆ ಹಚ್ಚಿದರೆ ಅದು ಅಲ್ಲಿಯೇ ಕೊನೆಯುಸಿರೆಳೆಯಬಹುದು. ಮೊದಲು ಕಡತಗಳನ್ನು ಹೊರತೆಗೆದು ಎಸ್‌ಎಸ್‌ಡಿ ಹಾಕಿಸಬೇಕು. ಹಳೆಯ ಯಂತ್ರಕ್ಕೆ ಮಾಡುವ ಖರ್ಚಿನಲ್ಲಿ ಇದರಷ್ಟು ಫಲ ಕೊಡುವುದು ಬೇರೊಂದಿಲ್ಲ.

ವಿಂಡೋಸ್ 10ರ ಅವಧಿ

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆಬಳಕೆಯವರು ಹೆಸರು ನೋಂದಾಯಿಸಿಕೊಂಡರೆ ಸುರಕ್ಷತೆಯ ಅಪ್‌ಡೇಟ್‌ಗಳನ್ನು 2026ರ ಅಕ್ಟೋಬರ್ 13ರವರೆಗೆ ಕೊಡುವ ವ್ಯವಸ್ಥೆಯನ್ನು ಸಂಸ್ಥೆ ಪ್ರಕಟಿಸಿತು. ಆದರೆ ಈ ನೋಂದಣಿಗೆ ಯಂತ್ರದಲ್ಲಿ 22ಎಚ್2 ಎಂಬ ಕೊನೆಯ ಆವೃತ್ತಿ ಇರಲೇಬೇಕು. ಅಪ್‌ಡೇಟ್ ವಿಫಲವಾಗುತ್ತಲೇ ಬಂದ ಯಂತ್ರಗಳು ಎಡವುವುದು ಇಲ್ಲಿಯೇ. ಹುಡುಕುವ ಜಾಗದಲ್ಲಿ 'ವಿನ್‌ವರ್' ಎಂದು ಇಂಗ್ಲಿಷಿನಲ್ಲಿ ಬರೆದರೆ ಆವೃತ್ತಿ ತಿಳಿಯುತ್ತದೆ.

ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹ ಹಾಗೂ ಟಿಪಿಎಂ 2.0 ಎಂಬ ಸುರಕ್ಷತಾ ಭಾಗ ಬೇಕು. ಇಂಟೆಲ್ ಪ್ರೊಸೆಸರ್‌ಗಳಲ್ಲಿ ಸಾಮಾನ್ಯವಾಗಿ ಎಂಟನೆಯ ಪೀಳಿಗೆಯಿಂದ ಈಚಿನವಕ್ಕೆ ಮಾತ್ರ ಅನುಮತಿಯಿದೆ. ಇದಕ್ಕೆ ಒಗ್ಗದ ಯಂತ್ರಕ್ಕೆ ಲಿನಕ್ಸ್ ಮಿಂಟ್‌ನಂತಹ ಉಚಿತ ವ್ಯವಸ್ಥೆ ಹಾಕಬಹುದು. ಬ್ಯಾಂಕು, ಪಹಣಿ ಮುಂತಾಗಿ ಬ್ರೌಸರ್‌ನಲ್ಲಿ ಆಗುವ ಕೆಲಸಗಳು ಬಹುಮಟ್ಟಿಗೆ ಅದರಲ್ಲೂ ನಡೆಯುತ್ತವೆ. ವಿಂಡೋಸ್‌ಗೆಂದು ರಚಿಸಿದ ಲೆಕ್ಕದ ತಂತ್ರಾಂಶ ಅಥವಾ ನುಡಿಯನ್ನು ನೆಚ್ಚಿಕೊಂಡವರು ಮಾತ್ರ ಅವಸರಪಡಬಾರದು. ಲಿನಕ್ಸ್ ಮಿಂಟನ್ನು ಪೆನ್‌ಡ್ರೈವಿನಿಂದಲೇ ನಡೆಸಿ ನೋಡಲು ಅವಕಾಶವಿದೆ, ಡಿಸ್ಕನ್ನು ಮುಟ್ಟಬೇಕಾಗಿಲ್ಲ. ಪ್ರಿಂಟರ್, ವೈಫೈ ಹಾಗೂ ಕನ್ನಡ ಬೆರಳಚ್ಚು ಮೂರನ್ನೂ ಆ ಸ್ಥಿತಿಯಲ್ಲಿ ಪರೀಕ್ಷಿಸಿ, ಸರಿಯೆನಿಸಿದ ಮೇಲೆಯೇ ಸ್ಥಾಪಿಸಬೇಕು.