ವಿಮಾನದ ಎಣ್ಣೆ ಮತ್ತು ಅದರ ಅಳತೆ

ವಿಜ್ಞಾನ ವಿಭಾಗದ ಮಿತ್ರರು ಬರೆಯಬೇಕಾದ ವಿಷಯವನ್ನು ಬಿ.ಎ. ತರಗತಿಯವನೊಬ್ಬನು ಎತ್ತಿಕೊಂಡಿದ್ದಾನೆಂದು ವಾಚಕರು ನಗಬಹುದು. ನಾನು ಇದುವರೆಗೆ ವಿಮಾನವನ್ನು ಹತ್ತಿದವನೂ ಅಲ್ಲ. ಆದರೆ ಎಣ್ಣೆಯ ವಿಷಯದಲ್ಲಿ ನನಗೆ ಕೊಂಚ ಬಳಕೆಯುಂಟು. ನಮ್ಮ ತಂದೆಯವರು ತಾಲ್ಲೂಕು ಪಟ್ಟಣವೊಂದರ ಪೆಟ್ರೋಲ್ ಬಂಕಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ದುಡಿಯುತ್ತಿದ್ದಾರೆ. ಅವರು ಅಂಕಿಗಳನ್ನು ಬಲ್ಲರು, ಅಕ್ಷರವನ್ನು ಬಲ್ಲವರಲ್ಲ. ಆದುದರಿಂದ ನಾನು ಹೈಸ್ಕೂಲಿನಲ್ಲಿದ್ದಾಗ ಬೆಳಗ್ಗೆ ಶಾಲೆಗೆ ಹೋಗುವ ಮುನ್ನ ಬಂಕಿಗೆ ಹೋಗಿ ಅವರ ಪರವಾಗಿ ರಿಜಿಸ್ಟರು ಬರೆಯುತ್ತಿದ್ದೆ. ನೆಲದಡಿಯ ಟ್ಯಾಂಕಿಗೆ ಅಳತೆಯ ಕೋಲನ್ನು ಇಳಿಸುವುದು, ಕೋಲಿನ ತುದಿಗೆ ಒಂದು ಬಗೆಯ ಲೇಪವನ್ನು ಬಳಿದು ಅದರ ಬಣ್ಣ ತಿರುಗಿತೆ ಎಂದು ನೋಡಿ ನೀರು ಸೇರಿದೆಯೋ ಇಲ್ಲವೋ ತಿಳಿಯುವುದು, ಲಾರಿ ಬಂದಾಗ ಮೊದಲು ಭೂಸಂಪರ್ಕದ ತಂತಿಯನ್ನು ಸಿಕ್ಕಿಸುವುದು, ಇವೆಲ್ಲ ನಾನು ಕಣ್ಣಾರೆ ಕಂಡ ಕೆಲಸಗಳು. ಕಳೆದ ವರ್ಷ ವಿಮಾನಗಳ ಇಂಧನ ವ್ಯವಸ್ಥೆಯನ್ನು ಕುರಿತು ಓದತೊಡಗಿದಾಗ ಅದೇ ಕೋಲು, ಅದೇ ನೀರು, ಅದೇ ತಂತಿ ಮತ್ತೆ ಎದುರಾದುವು. ಈ ಲೇಖನಕ್ಕೆ ಅದೇ ಕಾರಣ.

ವಿಮಾನದ ಎಣ್ಣೆ ಎಲ್ಲಿರುತ್ತದೆ? ಬಹುಮಟ್ಟಿಗೆ ರೆಕ್ಕೆಗಳಲ್ಲಿ. ರೆಕ್ಕೆಯೊಳಗೆ ಪ್ರತ್ಯೇಕವಾದ ಡ್ರಮ್ಮನ್ನು ಇಟ್ಟಿರುತ್ತಾರೆಂದು ನಾನು ಭಾವಿಸಿದ್ದೆ, ಹಾಗಲ್ಲ. ದೊಡ್ಡ ವಿಮಾನಗಳಲ್ಲಿ ರೆಕ್ಕೆಯ ಒಳಗೋಡೆಗಳ ಸಂದುಗಳನ್ನೆಲ್ಲ ಮೆತ್ತಿ ಮುಚ್ಚಿ ರೆಕ್ಕೆಯನ್ನೇ ಟ್ಯಾಂಕನ್ನಾಗಿ ಮಾಡಿರುತ್ತಾರೆ. ಇದರಿಂದ ಸ್ಥಳದ ಉಳಿತಾಯವಲ್ಲದೆ ಮತ್ತೊಂದು ಪ್ರಯೋಜನವೂ ಉಂಟು. ತೋಳು ಚಾಚಿ ನಿಂತವನನ್ನು ಇಬ್ಬರು ಮುಂಗೈ ಹಿಡಿದು ಮೇಲೆತ್ತಿದರೆ ಅವನ ಹೆಗಲಿನ ಕೀಲು ನೋಯುವುದಷ್ಟೆ? ಗಾಳಿಯು ರೆಕ್ಕೆಯನ್ನು ಎತ್ತುವಾಗ ರೆಕ್ಕೆಯ ಬುಡಕ್ಕೂ ಅದೇ ಪಾಡು. ಎಣ್ಣೆಯ ಭಾರವು ರೆಕ್ಕೆಯಲ್ಲಿಯೇ ಕುಳಿತು ಅದನ್ನು ಕೆಳಕ್ಕೆ ಅದುಮುವುದರಿಂದ ಬುಡದ ಮೇಲಿನ ಎಳೆತ ಕಡಮೆಯಾಗುತ್ತದೆ. ನಡುವಿನ ಟ್ಯಾಂಕೂ ಇರುವ ಅನೇಕ ವಿಮಾನಗಳಲ್ಲಿ ಅದನ್ನು ಮೊದಲು ಬರಿದು ಮಾಡಿ, ರೆಕ್ಕೆಯದನ್ನು ಕೊನೆಗೆ ಉಳಿಸಿಕೊಳ್ಳುವುದು ಇದಕ್ಕಾಗಿಯೇ.

ಎಣ್ಣೆಯು ಸೀಮೆಎಣ್ಣೆಯ ಜಾತಿಯದು. ಜೆಟ್ ಎ-1 ಎಂಬ ಬಗೆಯು ಸೊನ್ನೆಗಿಂತ 47 ಡಿಗ್ರಿ ಕೆಳಗಿನವರೆಗೂ ಹೆಪ್ಪುಗಟ್ಟಬಾರದೆಂದು ನಿಯಮವಿದೆ. ಟ್ಯಾಂಕಿನ ತಳದಲ್ಲಿ ಎಣ್ಣೆಯೊಳಗೇ ಮುಳುಗಿರುವ ಪಂಪುಗಳು ಅದನ್ನು ಎಂಜಿನ್ನಿನ ಕಡೆಗೆ ನೂಕುತ್ತವೆ. ಅಲ್ಲಿ ಎಂಜಿನ್ನೇ ತಿರುಗಿಸುವ ಇನ್ನೊಂದು ಪಂಪು ಒತ್ತಡವನ್ನು ಬಹಳವಾಗಿ ಏರಿಸುತ್ತದೆ. ನಡುವೆ ಒಂದು ಸೊಗಸಾದ ಏರ್ಪಾಡಿದೆ: ಎಂಜಿನ್ನಿನ ಕಾದ ಕೀಲೆಣ್ಣೆಯನ್ನೂ ತಣ್ಣನೆಯ ಇಂಧನವನ್ನೂ ಅಕ್ಕಪಕ್ಕದ ಕೊಳವೆಗಳಲ್ಲಿ ಹರಿಯಿಸುತ್ತಾರೆ. ಅದು ತಣಿಯುತ್ತದೆ, ಇದು ಬೆಚ್ಚಗಾಗುತ್ತದೆ. ಎರಡಕ್ಕೂ ಬೇಕಾದದ್ದು ದೊರೆತಂತಾಯಿತು. ಬಳಿಕ ಸೋಸುಕದಲ್ಲಿ ಹಾದು, ಎಷ್ಟು ಬೇಕೋ ಅಷ್ಟೇ ಅಳತೆಯಾಗಿ ಉರಿಯುವ ಕೋಣೆಗೆ ಸಿಂಪಡಿಸಲ್ಪಡುತ್ತದೆ. ಎಡ ಬಲ ಟ್ಯಾಂಕುಗಳ ನಡುವೆ ಒಂದು ಅಡ್ಡ ಕವಾಟವಿರುವುದರಿಂದ ಒಂದು ಕಡೆಯ ಎಣ್ಣೆಯನ್ನು ಮತ್ತೊಂದು ಕಡೆಯ ಎಂಜಿನ್ನಿಗೆ ಕೊಡಬಹುದು. ಎಣ್ಣೆ ಹೊರಹೋದಂತೆಲ್ಲ ಗಾಳಿ ಒಳಬರಲೂ ದಾರಿ ಬೇಕು. ಎಣ್ಣೆಯ ಡಬ್ಬಕ್ಕೆ ನಮ್ಮ ತಾಯಂದಿರು ಎರಡು ತೂತು ಮಾಡುವುದು ಏತಕ್ಕೆಂದು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇನ್ನು ಶತ್ರುಗಳ ವಿಚಾರ. ಮೊದಲನೆಯದು ನೀರು. ಎಷ್ಟೇ ಶುದ್ಧವಾದ ಎಣ್ಣೆಯಲ್ಲಿಯೂ ಕಾಣದಷ್ಟು ನೀರು ಕರಗಿರುತ್ತದೆ. ಎಣ್ಣೆ ತಣ್ಣಗಾದಾಗ ಅದು ಹನಿಗಟ್ಟಿ ತಳಕ್ಕಿಳಿಯುತ್ತದೆ. ಆದುದರಿಂದ ಟ್ಯಾಂಕಿನ ಅತ್ಯಂತ ತಗ್ಗಿನ ಜಾಗದಲ್ಲಿ ಒಂದು ಸಣ್ಣ ಕವಾಟವನ್ನಿಟ್ಟು, ಅಲ್ಲಿಂದ ಆಗಾಗ ಕೊಂಚ ಎಣ್ಣೆಯನ್ನು ಗಾಜಿನ ಪಾತ್ರೆಗೆ ಬಸಿದು ಬೆಳಕಿಗೆ ಹಿಡಿದು ನೋಡುತ್ತಾರೆ. ನೀರು ನಿಂತಲ್ಲಿ ಒಂದು ಜಾತಿಯ ಬೂಷ್ಟೂ ಬೆಳೆದು ಸೋಸುಕವನ್ನು ಕಟ್ಟಿಬಿಡುವುದಲ್ಲದೆ ಲೋಹವನ್ನೂ ತಿನ್ನುತ್ತದೆ. 2008ರ ಜನವರಿ 17ರಂದು ಬೀಜಿಂಗಿನಿಂದ ಲಂಡನ್ನಿಗೆ ಬಂದ ಬೋಯಿಂಗ್ 777 ವಿಮಾನವೊಂದು ಹೀತ್ರೂ ನಿಲ್ದಾಣದಲ್ಲಿ ಓಡುದಾರಿಗೆ ಸ್ವಲ್ಪ ಈಚೆಗೇ ನೆಲಕ್ಕಪ್ಪಳಿಸಿತು. ಎಣ್ಣೆಯಲ್ಲಿದ್ದ ನೀರು ಮಂಜಿನ ಹರಳಾಗಿ, ನಾನು ಮೇಲೆ ಹೊಗಳಿದ ಆ ಸೊಗಸಾದ ಏರ್ಪಾಡಿನ ಕೊಳವೆಗಳ ಬಾಯಿಗೇ ಕಟ್ಟಿಕೊಂಡಿತ್ತು! ದೈವವಶಾತ್ ಯಾರೂ ಸಾಯಲಿಲ್ಲ. ಆಮೇಲೆ ಆ ಕೊಳವೆಗಳ ಬಾಯಿಯ ಆಕಾರವನ್ನೇ ಬದಲಿಸಿದರು.

ಎರಡನೆಯದು ಬೆಂಕಿ. ಎಣ್ಣೆಯು ಕೊಳವೆಯಲ್ಲಿ ವೇಗವಾಗಿ ಹರಿದಾಗ ತಾನೇ ವಿದ್ಯುತ್ತನ್ನು ಹುಟ್ಟಿಸುತ್ತದೆ. ಅದು ಕಿಡಿಯಾಗದಂತೆ ವಿಮಾನವನ್ನೂ ಎಣ್ಣೆಯ ಲಾರಿಯನ್ನೂ ತಂತಿಯಿಂದ ಬಂಧಿಸಿದ ಮೇಲೆಯೇ ಕೊಳವೆಯನ್ನು ಜೋಡಿಸಬೇಕು. ತುಂಬಿದ ಟ್ಯಾಂಕಿಗಿಂತ ಬರಿದಾದ ಟ್ಯಾಂಕು ಹೆಚ್ಚು ಅಪಾಯಕರವೆಂಬುದು ನನಗೆ ಹೊಸ ಸಂಗತಿಯಾಗಿತ್ತು. ತಂದೆಯವರಿಗೆ ಅದು ಮೊದಲೇ ಗೊತ್ತಿತ್ತು. ಉರಿಯುವುದು ಆವಿ. 1996ರ ಜುಲೈ 17ರಂದು ನ್ಯೂಯಾರ್ಕಿನಿಂದ ಹೊರಟ ಟಿ.ಡಬ್ಲ್ಯು.ಎ. ವಿಮಾನದ ನಡುವಿನ ಟ್ಯಾಂಕು ಬಹುಮಟ್ಟಿಗೆ ಬರಿದಾಗಿತ್ತು. ಅದರಲ್ಲಿನ ಆವಿ ಸಿಡಿದು 230 ಜನರು ಮಡಿದರು. ಈಗ ಅನೇಕ ವಿಮಾನಗಳಲ್ಲಿ ಅಂಥ ಟ್ಯಾಂಕಿನೊಳಗಿನ ಬರಿದಾದ ಜಾಗಕ್ಕೆ ಸಾರಜನಕ ಹೆಚ್ಚಾಗಿರುವ ಗಾಳಿಯನ್ನು ತುಂಬುತ್ತಾರೆ. ಉರಿಯಲು ಬೇಕಾದಷ್ಟು ಆಮ್ಲಜನಕವೇ ಅಲ್ಲಿರುವುದಿಲ್ಲ. ಟ್ಯಾಂಕನ್ನು ದುರಸ್ತಿ ಮಾಡುವ ಕೆಲಸಗಾರನು ಒಂದು ಕಿರಿದಾದ ಕಿಂಡಿಯಲ್ಲಿ ನುಸುಳಿ ಒಳಹೋಗಬೇಕು. ಮೊದಲು ಎಣ್ಣೆಯನ್ನೆಲ್ಲ ತೆಗೆದು, ಗಾಳಿಯಾಡಿಸಿ, ಆವಿಯನ್ನು ಯಂತ್ರದಿಂದ ಅಳೆದು ನೋಡಿದ ಮೇಲೆಯೇ ಅವನಿಗೆ ಪ್ರವೇಶ. ಅವನ ಮೇಲೆ ಕಣ್ಣಿಟ್ಟು ಇನ್ನೊಬ್ಬನು ಕಿಂಡಿಯ ಹೊರಗೆ ನಿಂತೇ ಇರಬೇಕು. ಪ್ರಯಾಣಿಕರು ಇವನ ಮುಖವನ್ನು ಎಂದೂ ಕಾಣರು.

ಮೂರನೆಯದು ಅಳತೆ. ಇದನ್ನು ಕುರಿತು ಹೇಳುವುದಕ್ಕೆ ಮುಂಚೆ ನನ್ನ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಬಂಕಿನಲ್ಲಿ ಕೋಲು ತೋರಿಸುವುದು ಆಳವನ್ನು ಮಾತ್ರ. ಇಷ್ಟು ಸೆಂಟಿಮೀಟರಿಗೆ ಇಷ್ಟು ಲೀಟರೆಂದು ಪಟ್ಟಿಯಲ್ಲಿ ನೋಡಿಕೊಳ್ಳಬೇಕು. ಪ್ರತಿಯೊಂದು ಟ್ಯಾಂಕಿಗೂ ಬೇರೆ ಪಟ್ಟಿ. ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಒಂದು ದಿನ ಬೆಳಗ್ಗೆ, ಒಂದೇ ಮೊಳೆಗೆ ನೇತುಹಾಕಿದ್ದ ಎರಡು ಪಟ್ಟಿಗಳಲ್ಲಿ ಪೆಟ್ರೋಲಿನದನ್ನು ಹಿಡಿದು ಡೀಸೆಲ್ಲಿನ ಲೆಕ್ಕ ಬರೆದೆ. ಕೋಲಿನ ಅಳತೆ ಸರಿ, ಕೂಡಿಕೆ ಸರಿ, ಅಕ್ಷರ ದುಂಡಗೆ. ಸಂಜೆ ಲೆಕ್ಕ ನೋಡಿದವರಿಗೆ ಆರುನೂರು ಲೀಟರಿಗಿಂತ ಹೆಚ್ಚು ಡೀಸೆಲ್ ಕಾಣೆಯಾಗಿತ್ತು. ಲೆಕ್ಕ ತೀರುವವರೆಗೆ ಕೆಲಸಕ್ಕೆ ಬರಬೇಡವೆಂದು ತಂದೆಯವರಿಗೆ ಹೇಳಿ ಕಳುಹಿಸಿದರು. ಆ ರಾತ್ರಿ ಮನೆಯಲ್ಲಿ ಒಲೆ ಉರಿಯಿತು, ಆದರೆ ಯಾರೂ ಉಣ್ಣಲಿಲ್ಲ. ಮರುದಿನ ಗುಮಾಸ್ತರು ತಾವೇ ಕೋಲಿಳಿಸಿ ಸರಿಯಾದ ಪಟ್ಟಿಯನ್ನು ನೋಡಿದಾಗ ಡೀಸೆಲ್ಲೆಲ್ಲವೂ ಟ್ಯಾಂಕಿನಲ್ಲಿಯೇ ಇತ್ತು.

ಆದಕಾರಣ 1983ರ ಜುಲೈ 23ರಂದು ಕೆನಡಾ ದೇಶದಲ್ಲಿ ನಡೆದುದನ್ನು ಓದುವಾಗ ನನ್ನ ಕೈ ತಣ್ಣಗಾಯಿತು. ಏರ್ ಕೆನಡಾ ಸಂಸ್ಥೆಯ ಹೊಸ ಬೋಯಿಂಗ್ 767 ವಿಮಾನವೊಂದು ಮಾಂಟ್ರಿಯಲ್ಲಿನಿಂದ ಆಟವಾ ಮಾರ್ಗವಾಗಿ ಎಡ್ಮಂಟನ್ನಿಗೆ ಹೋಗಬೇಕಾಗಿತ್ತು. ಅದರ ಇಂಧನ ಸೂಚಕ ಕೆಟ್ಟಿತ್ತು. ಈ ಸೂಚಕದಲ್ಲಿ ತೇಲುವ ಬೆಂಡು ಇರುವುದಿಲ್ಲ. ಎರಡು ಲೋಹದ ಕೊಳವೆಗಳ ನಡುವೆ ಎಣ್ಣೆಯೆಷ್ಟು ಗಾಳಿಯೆಷ್ಟು ಇದೆಯೆಂಬುದನ್ನು ವಿದ್ಯುತ್ತಿನ ಮೂಲಕ ತಿಳಿದು ತೂಕವನ್ನು ಹೇಳುತ್ತದೆ. ತೂಕವೇ ಏಕೆ? ಎಣ್ಣೆಯು ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗುವುದರಿಂದ ಲೀಟರನ್ನು ನಂಬುವಂತಿಲ್ಲ. ಎಷ್ಟು ದೂರ ಹಾರಬಹುದೆಂಬುದನ್ನು ನಿರ್ಧರಿಸುವುದು ತೂಕ. ಸೂಚಕವಿಲ್ಲದುದರಿಂದ ರೆಕ್ಕೆಯ ಅಡಿಯಿಂದ ಎಳೆಯುವ ಕೋಲಿನಲ್ಲಿ ಅಳೆದರು. ಟ್ಯಾಂಕುಗಳಲ್ಲಿ 7,682 ಲೀಟರು ಇತ್ತು. ಪ್ರಯಾಣಕ್ಕೆ ಬೇಕಾದದ್ದು 22,300 ಕಿಲೋಗ್ರಾಂ. ಒಂದು ಲೀಟರು ಎಣ್ಣೆಯ ತೂಕ ಸುಮಾರು 0.8 ಕಿಲೋಗ್ರಾಂ, ಅದನ್ನೇ ಪೌಂಡಿನಲ್ಲಿ ಹೇಳಿದರೆ 1.77. ಕೆನಡಾ ಆಗ ಹಳೆಯ ಅಳತೆಗಳನ್ನು ಬಿಟ್ಟು ಮೆಟ್ರಿಕ್ ಪದ್ಧತಿಗೆ ಬದಲಾಗುತ್ತಿತ್ತು. ಚೀಟಿಯಲ್ಲಿದ್ದ ಸಂಖ್ಯೆ 1.77. ಅದರಿಂದಲೇ ಗುಣಿಸಿದರು, ಬಂದ ಪೌಂಡುಗಳನ್ನು ಕಿಲೋಗ್ರಾಮೆಂದು ತಿಳಿದರು. ಹಾಕಬೇಕಾಗಿದ್ದದ್ದು 20,088 ಲೀಟರು, ಹಾಕಿದ್ದು 4,917 ಲೀಟರು. ಆಟವಾದಲ್ಲಿ ಮತ್ತೊಮ್ಮೆ ಅಳೆದರು. ಮತ್ತೆ ಅದೇ 1.77. ಅರ್ಧಕ್ಕಿಂತಲೂ ಕಡಮೆ ಎಣ್ಣೆಯೊಡನೆ ವಿಮಾನವು ಮೇಲೇರಿತು.

ದಾರಿಯ ನಡುವೆ ಆಕಾಶದಲ್ಲಿಯೇ ಒಂದಾದಮೇಲೊಂದು ಎರಡು ಎಂಜಿನ್ನುಗಳೂ ನಿಂತವು. ಕ್ಯಾಪ್ಟನ್ ರಾಬರ್ಟ್ ಪಿಯರ್ಸನ್ನರಿಗೆ ಎಂಜಿನ್ನಿಲ್ಲದ ತೇಲುವಿಮಾನಗಳನ್ನು ನಡೆಸಿದ ಅಭ್ಯಾಸವಿತ್ತು. ಅವರ ಸಹಾಯಕ ಮಾರಿಸ್ ಕ್ವಿಂಟಲ್ಲರಿಗೆ ಗಿಮ್ಲಿ ಎಂಬ ಊರಿನ ಹಳೆಯ ವಾಯುಪಡೆಯ ನೆಲೆ ಗೊತ್ತಿತ್ತು. ಅಲ್ಲಿನ ಓಡುದಾರಿಯಲ್ಲಿ ಆ ದಿನ ಕಾರುಗಳ ಪಂದ್ಯ! ಜನರೂ ಮಕ್ಕಳೂ ಬದಿಯಲ್ಲಿ ನೆರೆದಿರಲು, ಸದ್ದಿಲ್ಲದೆ ವಿಮಾನ ಬಂದಿಳಿಯಿತು. ಮುಂದಿನ ಚಕ್ರ ಮಡಿಸಿ ಮೂಗು ನೆಲವನ್ನು ಉಜ್ಜಿತು. ಒಳಗಿದ್ದ 69 ಮಂದಿಯೂ ಬದುಕಿದರು.

ಗುಣಾಕಾರದಲ್ಲಿ ಒಂದು ಅಂಕಿಯೂ ತಪ್ಪಿರಲಿಲ್ಲವೆಂಬುದೇ ನನಗೆ ಬಹಳ ಕಾಡಿದ ಮಾತು. ಹಿಂದಿನ ದೊಡ್ಡ ವಿಮಾನಗಳಲ್ಲಿ ಇಂಧನದ ಲೆಕ್ಕ ಮಾಡಲು ಮೂರನೆಯ ಅಧಿಕಾರಿಯೊಬ್ಬನಿರುತ್ತಿದ್ದನು. ಈ ಹೊಸ ವಿಮಾನದಲ್ಲಿ ಅವನ ಆಸನವನ್ನೇ ತೆಗೆದಿದ್ದರು; ಆದರೆ ಅವನ ಲೆಕ್ಕ ಯಾರ ಪಾಲಿಗೆ ಬಂತೆಂಬುದನ್ನು ಯಾರಿಗೂ ಸ್ಪಷ್ಟವಾಗಿ ತಿಳಿಸಿರಲಿಲ್ಲ. ನಮ್ಮ ಬಂಕಿನಲ್ಲಿಯೂ ಬರೆಯುವ ಕೆಲಸ ವಾಸ್ತವವಾಗಿ ಹದಿನಾಲ್ಕು ವರ್ಷದ ಹುಡುಗನದಾಗಿರಲಿಲ್ಲವಷ್ಟೆ.

ಕಳೆದ ದೀಪಾವಳಿಯ ರಜೆಯಲ್ಲಿ ಈ ಕಥೆಯನ್ನು ತಂದೆಯವರಿಗೆ ಹೇಳಿದೆ. ಅವರು ಬೀಡಿಯನ್ನು ಹಚ್ಚದೆ ಕೈಯಲ್ಲಿಯೇ ಹಿಡಿದುಕೊಂಡು ಕೊನೆಯವರೆಗೂ ಕೇಳಿದರು. ವಿಮಾನ ಇಳಿದ ಬಗೆಯನ್ನು ಕುರಿತು ಏನನ್ನೂ ಕೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, “ಅವ್ರೂ ಎರಡು ಪಟ್ಟೀನೂ ಒಂದೇ ಮೊಳೆಗೆ ನೇತಾಕಿದ್ರೇನಪ್ಪಾ?” ಎಂದರು.